ತಲೆಗೊಂದು ಸಕ್ಕರೆ ತುಂಡು

1986ರ ಅಕ್ಟೋಬರ್ 11 ಮತ್ತು 12. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಕಡಲಂಚಿನಲ್ಲಿರುವ ಹೋಫ್ದಿ ಎಂಬ ಬಿಳಿ ಮನೆಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮತ್ತು ಸೋವಿಯತ್ ನಾಯಕ ಮಿಖಾಯಿಲ್ ಗೊರ್ಬಚೆವ್ ಎದುರುಬದುರು ಕೂತಿದ್ದರು. ಅಣ್ವಸ್ತ್ರಗಳನ್ನೆಲ್ಲ ತೆಗೆದುಹಾಕುವ ತನಕ ಹೋದ ಮಾತು ರೇಗನ್ನರ 'ನಕ್ಷತ್ರ ಸಮರ' ಯೋಜನೆಯ ಹತ್ತಿರ ಬಂದು ಮುರಿದುಬಿತ್ತು. ಭೇಟಿ ಗೊತ್ತಾಗಿದ್ದೇ ಎರಡು ವಾರಕ್ಕೂ ಕಡಿಮೆ ಅವಧಿಯಲ್ಲಿ. ಸುಮಾರು ಎರಡೂವರೆ ಲಕ್ಷ ಜನರ ಆ ದೇಶದಲ್ಲಿ, ಸೀಮೆಗಿಲ್ಲದ ಪತ್ರಕರ್ತರೆಲ್ಲ ಒಮ್ಮೆಲೇ ಬಂದಿಳಿದರು.

ಆ ಗದ್ದಲದಲ್ಲಿ ಊರಿನ ಕೆಲವು ಹುಡುಗರು ಒಂದು ಪೋಸ್ಟ್ ಕಾರ್ಡ್ ಅಚ್ಚು ಹಾಕಿಸಿ ಮಾರಿದರು. ಶೃಂಗಸಭೆಯ ನೆನಪಿಗೆಂದು ರೇಗನ್-ಗೊರ್ಬಚೆವ್ ಇಬ್ಬರನ್ನೂ ಬರೆದಿದ್ದ ಕಾರ್ಡು ಅದು. ಬರೆದವನು ಫ್ರಿದ್ರಿಕ್ ಎರ್ಲಿಂಗ್ಸನ್. ಕಾರ್ಡು ಚೆನ್ನಾಗಿ ಖರ್ಚಾಯಿತು. ಬಂದ ದುಡ್ಡಿನಲ್ಲಿ ಮರುತಿಂಗಳೇ ಒಂದು ಪುಟ್ಟ ಗ್ರಾಮಫೋನ್ ತಟ್ಟೆ ಹೊರಬಂತು. ಅದರ ಹೆಸರು 'ಏನ್ ಮೋಲ್ ಆ ಮನ್', ಅಂದರೆ ತಲೆಗೊಂದು ತುಂಡು. ಸಕ್ಕರೆ ತುಂಡು. ತಂಡದ ಹೆಸರೇ ಸಿಕುರ್ಮೊಲಾರ್ನಿರ್, ಇಂಗ್ಲಿಷಿನಲ್ಲಿ ಶುಗರ್‌ಕ್ಯೂಬ್ಸ್. ಎರಡು ಮಹಾಶಕ್ತಿಗಳು ಬರಿಗೈಯಲ್ಲಿ ವಾಪಸಾದ ಊರಲ್ಲಿ ಲಾಭ ಮಾಡಿಕೊಂಡವರು ಇವರು. ಆ ತಟ್ಟೆಯ ದಾರಿಯಲ್ಲೇ 1988ರ 'ಲೈಫ್ಸ್ ಟೂ ಗುಡ್' ಆಲ್ಬಮ್ ಬಂತು.

ಇವರು ದಿಢೀರನೆ ಹುಟ್ಟಿದವರಲ್ಲ. 1980ರ ಜೂನ್‌ನಲ್ಲಿ ಲಂಡನ್ನಿನ ಕ್ಲ್ಯಾಶ್ ತಂಡ ರೇಕ್ಯಾವಿಕ್‌ನಲ್ಲಿ ಹಾಡಿಹೋಯಿತು. ಅದೇ ವರ್ಷ ಬುಬ್ಬಿ ಮಾರ್ಟೆನ್ಸ್ ಎಂಬ ಗಾಯಕ, ತಾನೇ ಮೀನು ಕಾರ್ಖಾನೆಗಳಲ್ಲಿ ದುಡಿದಿದ್ದವನು, ಆ ಕೂಲಿಗಳ ಬದುಕನ್ನು ಐಸ್‌ಲ್ಯಾಂಡಿಕ್‌ನಲ್ಲೇ ಹಾಡಿ ದೇಶ ಬೆಚ್ಚುವಂತೆ ಮಾಡಿದ. ಆಮೇಲೆ ತಂಡಗಳ ಸಾಲೇ ಶುರುವಾಯಿತು. ಏನಾರ್ ಓರ್ನ್ ಬೆನೆಡಿಕ್ಟ್ಸನ್‌ನ ಪುರ್ಕುರ್ ಪಿಲ್ನಿಕ್, ಸಿಗ್ಟ್ರಿಗ್ಗುರ್ ಬಾಲ್ಡುರ್ಸನ್ ಡ್ರಮ್ ಬಾರಿಸುತ್ತಿದ್ದ ಥೇರ್, ಹದಿಹರೆಯದ ಬ್ಯೋರ್ಕ್ ಹಾಡುತ್ತಿದ್ದ ಟಾಪ್ಪಿ ಟೀಕಾರಾಸ್. (ಈ ಕೊನೆಯ ಹೆಸರನ್ನು ಮನೆಮಂದಿಯ ಮುಂದೆ ಕನ್ನಡಿಸದಿರುವುದೇ ಲೇಸು.) ಫ್ರಿದ್ರಿಕ್ ಥೋರ್ ಫ್ರಿದ್ರಿಕ್ಸನ್ 1982ರಲ್ಲಿ ಇವರೆಲ್ಲರನ್ನೂ 'ರೋಕ್ ಇ ರೇಕ್ಯಾವಿಕ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟ. ಅದರಲ್ಲಿ ಕಾಣುವ ಹುಡುಗ ಹುಡುಗಿಯರಿಗೆ ಮಾರುಕಟ್ಟೆಯ ಯೋಚನೆಯೇ ಇಲ್ಲ, ಯಾಕೆಂದರೆ ಮಾರುಕಟ್ಟೆಯೇ ಇರಲಿಲ್ಲ. ಗುರುವಾರ ಟೀವಿ ಪ್ರಸಾರವೇ ಇಲ್ಲದ ದೇಶ ಅದು. ಆ ಪದ್ಧತಿ ನಿಂತದ್ದು 1987ರಲ್ಲಿ. ಬಿಯರ್ ಮೇಲಿನ ನಿಷೇಧ ಹೋದದ್ದು 1989ರ ಮಾರ್ಚ್ 1ರಂದು.

ಇಲ್ಲಿ ಹೆಸರುಗಳ ಬಗ್ಗೆ ಒಂದು ಮಾತು. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರು ಇರುವವರು ಕಡಿಮೆ. ಬೆನೆಡಿಕ್ಟ್‌ನ ಮಗ ಬೆನೆಡಿಕ್ಟ್ಸನ್, ಗುದ್ಮುಂದುರ್‌ನ ಮಗಳು ಗುದ್ಮುಂಡ್ಸ್‌ಡೋಟ್ಟಿರ್, ಅಷ್ಟೇ. ಟೆಲಿಫೋನ್ ಡೈರೆಕ್ಟರಿಯಲ್ಲೂ ಜನರನ್ನು ಅವರದೇ ಹೆಸರಿನಿಂದ ಹುಡುಕಬೇಕು. ಮೈಸೂರು ಸೀಮೆಯವರ ಅಪ್ಪನ ಇನಿಷಿಯಲ್ಲನ್ನು ದೆಹಲಿ, ಮುಂಬೈಗಳ ಗುಮಾಸ್ತರಿಗೆ 'ಸರ್‌ನೇಮ್' ಎಂದು ವಿವರಿಸಿ ಸುಸ್ತಾದವರಿಗೆ ಈ ಪದ್ಧತಿ ತಟ್ಟನೆ ಅರ್ಥವಾದೀತು. ಹಾಗಾಗಿ ಬ್ಯೋರ್ಕ್ ಬರೀ ಬ್ಯೋರ್ಕ್ ಆಗಿರುವುದು ಸಿನಿಮಾ ತಾರೆಯ ಗತ್ತಲ್ಲ, ಊರ ರೂಢಿ.

1983ರಲ್ಲಿ ಆಫಾಂಗಾರ್ ಎಂಬ ರೇಡಿಯೋ ಕಾರ್ಯಕ್ರಮ ಮುಗಿಯುವಾಗ, ಅದರ ಕೊನೆಯ ಕಂತಿಗೆಂದು ಬೇರೆ ಬೇರೆ ತಂಡಗಳಿಂದ ಒಬ್ಬೊಬ್ಬರನ್ನು ಕರೆದು ಕೂರಿಸಿದರು. ಹಾಗೆ ಆದದ್ದು ಕುಕ್ಲ್, ಅಂದರೆ ಮಾಟಮಂತ್ರ. ಕಪ್ಪು, ಕರ್ಕಶ, ಗಂಭೀರ ಸಂಗೀತ. ಏನಾರ್ ಓರ್ನ್ ಲಂಡನ್ನಿನಲ್ಲಿ ಓದುತ್ತಿದ್ದಾಗ ಪರಿಚಯವಾದ ಕ್ರಾಸ್ ಎಂಬ ಅರಾಜಕತಾವಾದಿ ತಂಡದವರು ಕುಕ್ಲ್‌ನ ಎರಡು ಆಲ್ಬಮ್ ಹೊರತಂದರು. 1986ರಲ್ಲಿ ಕುಕ್ಲ್ ಒಡೆಯಿತು. ಗಂಭೀರವಾಗಿರುವುದು ಅವರಿಗೇ ಸಾಕಾಗಿತ್ತು.

ಅದರ ಜಾಗದಲ್ಲಿ ಬಂದದ್ದು ಸ್ಮೆಕ್ಲೇಸಾ. ಅರ್ಥ: ಕೆಟ್ಟ ಅಭಿರುಚಿ. ಸದಭಿರುಚಿಯೇ ಸೃಷ್ಟಿಶಕ್ತಿಯ ಶತ್ರು ಎಂಬ, ಪಿಕಾಸೊನದೆಂದು ಹೇಳುವ ಮಾತನ್ನು ಹಿಡಿದು ಕವಿಗಳೂ ಸಂಗೀತಗಾರರೂ ಕಟ್ಟಿದ ಸಂಸ್ಥೆ ಅದು. ಪದ್ಯದ ಪುಸ್ತಕ ತರುವುದು, ತಟ್ಟೆ ತರುವುದು, ಕೆಟ್ಟ ಅಭಿರುಚಿಗೆ ಬಹುಮಾನ ಕೊಡುವುದು ಅದರ ಕೆಲಸ. ಘೋಷಣೆ: ಜಗತ್ತಿನ ಮೇಲೆ ಅಧಿಪತ್ಯ, ಇಲ್ಲವೇ ಸಾವು. ಪದ್ಯಕ್ಕೆ ದುಡ್ಡು ಬೇಕು, ದುಡ್ಡಿಗೆ ಒಂದು ಪಾಪ್ ತಂಡ ಇರಲಿ ಎಂದು ಶುಗರ್‌ಕ್ಯೂಬ್ಸ್ ಶುರುವಾಯಿತು. ಹಾಡಲು ಬ್ಯೋರ್ಕ್, ಕೂಗಲು ಮತ್ತು ತುತ್ತೂರಿ ಊದಲು ಏನಾರ್ ಓರ್ನ್, ಗಿಟಾರಿಗೆ ಥೋರ್ ಎಲ್ಡನ್, ಬೇಸ್‌ಗೆ ಬ್ರಾಗಿ ಓಲಾಫ್ಸನ್, ಇಬ್ಬರೂ ಕವಿಗಳು, ಕೀಬೋರ್ಡಿಗೆ ಏನಾರ್ ಮೆಲಾಕ್ಸ್, ಡ್ರಮ್ಮಿಗೆ ಸಿಗ್ಟ್ರಿಗ್ಗುರ್. ಕಾರ್ಡು ಬರೆದ ಫ್ರಿದ್ರಿಕ್ ಕೂಡ ಮೊದಲಿಗೆ ಗಿಟಾರ್ ಹಿಡಿದಿದ್ದ. ಬೇಗನೆ ಬಿಟ್ಟು ಮುಂದೆ ಲೇಖಕನಾದ. ತಂಡ ಹುಟ್ಟಿದ ದಿನವೆಂದು ಅವರು ಹೇಳುವುದು 1986ರ ಜೂನ್ 8. ಅಂದೇ ಬ್ಯೋರ್ಕ್ ಮತ್ತು ಥೋರ್ ದಂಪತಿಗೆ ಮಗ ಹುಟ್ಟಿದ್ದು. ಆಮೇಲೆ ಗಂಡಹೆಂಡತಿ ಬೇರೆಯಾದರು, ತಂಡ ಬಿಡಲಿಲ್ಲ.

ಆ ಮೊದಲ ತಟ್ಟೆಯಲ್ಲಿದ್ದ ಹಾಡು 'ಅಮ್ಮೈಲಿ'. ಹುಟ್ಟುಹಬ್ಬಕ್ಕೆ ಐಸ್‌ಲ್ಯಾಂಡಿಕ್‌ನ ಶಿಷ್ಟ ಕಾಗುಣಿತ ಬೇರೆ. ಇದು ಬಾಯಿಮಾತಿನ ರೂಪ. ಐದು ವರ್ಷದ ಹುಡುಗಿ, ಪಕ್ಕದ ಮನೆಯ ಗಡ್ಡದ ಮುದುಕ, ಹುಳುಹುಪ್ಪಟೆ, ಹೆಸರಿಡಲಾಗದ ಒಂದು ಸಲಿಗೆ. ಏನು ನಡೆಯುತ್ತಿದೆ ಎಂದು ಹಾಡು ಕೊನೆಗೂ ಹೇಳುವುದಿಲ್ಲ. ಮಾತು ಮುಗಿದಲ್ಲಿ ಬ್ಯೋರ್ಕ್‌ನ ದನಿ ಬರೀ ಕೂಗಾಗಿ ಮೇಲೇಳುತ್ತದೆ. ಊರಲ್ಲಿ ಇದನ್ನು ಕೊಂಡವರು ಕೆಲವೇ ಮಂದಿ. 1987ರಲ್ಲಿ ಇಂಗ್ಲಿಷ್ ಮಾತು ಹಾಕಿ 'ಬರ್ತ್‌ಡೇ' ಎಂದು ಲಂಡನ್ನಿನಲ್ಲಿ ತಂದಾಗ ಕತೆಯೇ ಬದಲಾಯಿತು. ಮೆಲೊಡಿ ಮೇಕರ್ ಪತ್ರಿಕೆ ಅದನ್ನು ವಾರದ ಹಾಡೆಂದಿತು. ಬಿಬಿಸಿಯ ಜಾನ್ ಪೀಲ್ ಕೇಳುಗರಿಂದ ಮತ ಹಾಕಿಸುತ್ತಿದ್ದ ವರ್ಷದ ಐವತ್ತು ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು. ದೊಡ್ಡ ಕಂಪನಿಗಳು ಕದ ತಟ್ಟಿದರೂ, ತಂಡ ಹೋದದ್ದು ಕ್ರಾಸ್ ಕಾಲದ ಗೆಳೆಯ ಡೆರೆಕ್ ಬರ್ಕೆಟ್‌ನ ಸಣ್ಣ ಲೇಬಲ್‌ಗೆ. ಅದರ ಹೆಸರು ಒನ್ ಲಿಟಲ್ ಇಂಡಿಯನ್. ಇಂಡಿಯನ್ ಎಂದರೆ ಅಮೆರಿಕದ ಮೂಲನಿವಾಸಿ. ಅದು ಅವಹೇಳನವೆಂಬ ಮಾತಿಗೆ ಮಣಿದು 2020ರಲ್ಲಿ ಹೆಸರು ಬದಲಿಸಿದರು.

'ಲೈಫ್ಸ್ ಟೂ ಗುಡ್' 1988ರ ಏಪ್ರಿಲ್‌ನಲ್ಲಿ ಬಂತು. ಹೊದಿಕೆಯನ್ನು ಕಣ್ಣುಕುಕ್ಕುವ ಹಲವು ಬಣ್ಣಗಳಲ್ಲಿ ಅಚ್ಚು ಹಾಕಿದ್ದರು. ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನ, ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ; ತಾಯ್ನಾಡಿನ ಜನಸಂಖ್ಯೆಯ ನಾಲ್ಕರಷ್ಟು. 'ಮೋಟರ್‌ಕ್ರ್ಯಾಶ್' ಹಾಡಿನಲ್ಲಿ ಅಪಘಾತ ನೋಡಲು ಓಡುವವಳ ಕುತೂಹಲ, 'ಡಿಯಸ್'ನಲ್ಲಿ ದೇವರಿಲ್ಲ ಎನ್ನುತ್ತಲೇ ದೇವರನ್ನು ಭೇಟಿಯಾದ ವರದಿ. ಚುರುಕಾದ ಗಿಟಾರು, ಕುಣಿಸುವ ತಾಳ, ನಡುನಡುವೆ ಏನಾರ್ ಓರ್ನ್‌ನ ಬೊಬ್ಬೆ. ಈ ಬೊಬ್ಬೆಯನ್ನು ಬ್ರಿಟಿಷ್ ವಿಮರ್ಶಕರಲ್ಲಿ ಬಹಳ ಮಂದಿ ಸಹಿಸಲಿಲ್ಲ. ಅಂಥ ದನಿಯ ಹುಡುಗಿ ಪಕ್ಕದಲ್ಲಿರುವಾಗ ಇವನ್ಯಾಕೆ ಎಂಬುದು ಅವರ ತಕರಾರು. ಆದರೆ ಅವನನ್ನು ತೆಗೆದರೆ ಉಳಿಯುವುದು ಚೆಂದದ ದನಿಯೊಂದರ ಆಲ್ಬಮ್ ಮಾತ್ರ. ಆ ದನಿಗೆ ಪೂಜೆ ನಡೆಯದಂತೆ ನಡುವೆ ನುಗ್ಗಿ ಕೆಡಿಸುವುದೇ ಸ್ಮೆಕ್ಲೇಸಾದ ಧರ್ಮ. ಕೇಳುಗ ನಗಬೇಕೋ ಬೆದರಬೇಕೋ ತಿಳಿಯದೆ ಕೂರುವುದು ಅವನಿಂದಲೇ.

ಇದರೊಳಗೆ ಒಂದು ಇಕ್ಕಟ್ಟಿತ್ತು, ಭಾಷೆಯದು. ಐಸ್‌ಲ್ಯಾಂಡ್ ಎರವಲು ಪದಗಳನ್ನು ಬಾಗಿಲಲ್ಲೇ ತಡೆಯುವ ನಾಡು. ಕಂಪ್ಯೂಟರಿಗೆ ಅಲ್ಲಿ 'ತೋಲ್ವಾ', ಅಂಕಿ ಮತ್ತು ಕಣಿ ಹೇಳುವವಳು ಎಂಬೆರಡು ಪದ ಬೆಸೆದದ್ದು. ಫೋನಿಗೆ 'ಸೀಮಿ', ದಾರ ಎಂಬ ಅರ್ಥದ ಮರೆತುಹೋಗಿದ್ದ ಹಳೆಯ ಪದ. ಕನ್ನಡದ ಗಣಕಯಂತ್ರ ಕಡತದಲ್ಲೇ ಉಳಿಯಿತು. ತೋಲ್ವಾ ಅಡುಗೆಮನೆಯ ಮಾತಾಯಿತು. ಆ ನಾಡಿನ ಸಂಗೀತ ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ಗೆದ್ದದ್ದು 1983ರಲ್ಲಿ, ಮೆಟ್ಸೊಫೋರ್ಟೆ ತಂಡದ 'ಗಾರ್ಡನ್ ಪಾರ್ಟಿ'ಯಿಂದ. ಅದು ಬರೀ ವಾದ್ಯ, ಮಾತೇ ಇಲ್ಲ. ಅಂದರೆ ಹೊರಗೆ ಹೋಗಲು ಇದ್ದ ದಾರಿ ಎರಡು: ಬಾಯಿ ಮುಚ್ಚಿಕೊಳ್ಳುವುದು, ಇಲ್ಲವೇ ಇಂಗ್ಲಿಷ್. ಶುಗರ್‌ಕ್ಯೂಬ್ಸ್ ಇಂಗ್ಲಿಷನ್ನೇ ಆರಿಸಿಕೊಂಡಿತು, ಆದರೆ ತಿದ್ದಿ ತೀಡಿದ ಇಂಗ್ಲಿಷಲ್ಲ. ಉರುಳುವ ರಕಾರ, ಎಲ್ಲೆಲ್ಲೋ ಬೀಳುವ ಒತ್ತು, ಅನುವಾದವೇ ಅಲ್ಲವೆಂಬಂತೆ ಬಂದ ವಿಚಿತ್ರ ವಾಕ್ಯಗಳು. ಲಂಡನ್ನಿನವರಿಗೆ ಅದು ಮಂಜಿನ ನಾಡಿನ ಮಾಯೆಯಂತೆ ಕೇಳಿಸಿತು. ಯಕ್ಷಿಣಿ, ಜ್ವಾಲಾಮುಖಿ ಎಂದೆಲ್ಲ ಬರೆದರು. ಪಟ್ಟಣದಲ್ಲಿ ಬೆಳೆದು ಸರ್ರಿಯಲಿಸ್ಟ್ ಪದ್ಯ ಓದಿಕೊಂಡಿದ್ದ ಈ ಗುಂಪಿಗೆ ಆ ಯಕ್ಷಿಣಿಯ ಪಟ್ಟ ತಮಾಷೆಯೂ ಹೌದು, ಹೊರೆಯೂ ಹೌದು.

1989ರ ಎರಡನೇ ಆಲ್ಬಮ್ಮನ್ನು ಅವರು ಇಂಗ್ಲಿಷಿನ ಜೊತೆಗೆ 'ಇತ್ಲುರ್ ಆರ್ವುರ್' ಎಂದು ಐಸ್‌ಲ್ಯಾಂಡಿಕ್‌ನಲ್ಲೂ ತಂದರು. ಹೆಸರಿನ ಅರ್ಥ ಕೆಟ್ಟ ಪಿತ್ರಾರ್ಜಿತ. ಇಂಗ್ಲಿಷ್ ಪ್ರತಿಯನ್ನು ಬ್ರಿಟಿಷ್ ಪತ್ರಿಕೆಗಳು ಚೆನ್ನಾಗಿ ತರಾಟೆಗೆ ತೆಗೆದುಕೊಂಡವು. 1992ರಲ್ಲಿ ಮೂರನೆಯದು ಬಂತು, ಅದೇ ವರ್ಷ ತಂಡ ಮುಗಿಯಿತು. ಮರುವರ್ಷ ಬ್ಯೋರ್ಕ್‌ನ 'ಡೆಬ್ಯು' ಬಂದ ಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ.

ಆದರೆ ಪೋಸ್ಟ್ ಕಾರ್ಡಿನ ದುಡ್ಡು ನಿಂತದ್ದು ಸ್ಮೆಕ್ಲೇಸಾದಲ್ಲಿ. ಶುಗರ್‌ಕ್ಯೂಬ್ಸ್ ಗಳಿಕೆಯಿಂದ ಅದು ಊರಿನ ಬೇರೆ ತಂಡಗಳ ತಟ್ಟೆಗಳನ್ನು ತಂದಿತು. ಸಿಗುರ್ ರೋಸ್ ಎಂಬ ತಂಡದ 'ಆಗೈಟಿಸ್ ಬಿರ್ಯುನ್' 1999ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಆ ಹಾಡುಗಳು ಐಸ್‌ಲ್ಯಾಂಡಿಕ್‌ನಲ್ಲೇ ಜಗತ್ತು ಸುತ್ತಿದವು. ಯಾರೂ ಇಂಗ್ಲಿಷ್ ಪ್ರತಿ ಕೇಳಲಿಲ್ಲ. ಬ್ರಾಗಿ ಹೆಸರಾಂತ ಕಾದಂಬರಿಕಾರನಾದ. ಬೊಬ್ಬೆ ಹೊಡೆಯುತ್ತಿದ್ದ ಏನಾರ್ ಓರ್ನ್, ಹಾಸ್ಯನಟನೊಬ್ಬ ಕಟ್ಟಿದ 'ಅತ್ಯುತ್ತಮ ಪಕ್ಷ'ದಿಂದ 2010ರಲ್ಲಿ ರೇಕ್ಯಾವಿಕ್ ನಗರಸಭೆಗೆ ಆರಿಸಿಬಂದ. ಅದಕ್ಕೂ ಮೊದಲು, 2006ರ ನವೆಂಬರ್ 17ರಂದು, ಮೊದಲ ತಟ್ಟೆಗೆ ಇಪ್ಪತ್ತು ವರ್ಷವಾಯಿತೆಂದು ಹಳೆಯ ತಂಡ ರೇಕ್ಯಾವಿಕ್‌ನಲ್ಲಿ ಒಂದೇ ಒಂದು ರಾತ್ರಿ ಮತ್ತೆ ಕೂಡಿ ಹಾಡಿತು. ಟಿಕೆಟ್ಟಿನ ಲಾಭವೆಲ್ಲ ಹೋದದ್ದು ಸ್ಮೆಕ್ಲೇಸಾಕ್ಕೆ.