ತಪ್ಪಿನಲ್ಲಿ ಹುಟ್ಟಿದ ಒಪ್ಪು

‘ನಾಳೆ ಹತ್ತಕ್ಕೆ ಬರ್ತೀನಿ, ಓಕೆನಾ?’ ಎಂದು ಕೇಳುವಾಗ ಪರಭಾಷೆ ಆಡುತ್ತಿದ್ದೇವೆ ಎಂದು ನಮಗೆ ಅನಿಸುವುದೇ ಇಲ್ಲ. ಕನ್ನಡದ ‘ನಾ’ ಅದಕ್ಕೆ ಅಂಟಿಕೊಂಡಿದೆ. ‘ಸಾಲ ಓಕೆ ಆಯ್ತು’, ‘ಹುಡುಗಿ ಓಕೆ ಅಂದಳು’ ಎಂದು ನಮ್ಮ ಕ್ರಿಯಾಪದಗಳ ಜೊತೆ ಅದು ಸಲೀಸಾಗಿ ಸಂಸಾರ ಮಾಡುತ್ತಿದೆ. ‘ಸರಿ’, ‘ಆಯ್ತು’, ‘ಆಗಲಿ’, ‘ಹೂಂ’ ಇಷ್ಟೆಲ್ಲ ಇದ್ದ ಮನೆಗೆ ಬಂದು ಜಾಗ ಮಾಡಿಕೊಂಡ ಈ ಎರಡಕ್ಷರದ ಪದ ಮೊದಲು ಅಚ್ಚಾದ ಊರೂ ಗೊತ್ತು, ತಾರೀಖೂ ಗೊತ್ತು. ಅಂಥ ಭಾಗ್ಯ ಹೆಚ್ಚಿನ ಪದಗಳಿಗಿಲ್ಲ.

ಊರು ಅಮೆರಿಕದ ಬಾಸ್ಟನ್. ತಾರೀಖು 1839ರ ಮಾರ್ಚ್ 23. ಅಂದಿನ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ, ಪ್ರಾವಿಡೆನ್ಸ್ ಊರಿನ ಪತ್ರಿಕೆಯೊಂದರ ಸಂಪಾದಕರನ್ನು ಚುಡಾಯಿಸುವ ಪುಟ್ಟ ಬರಹದ ನಡುವೆ ‘ಓ.ಕೆ.’ ಎಂದು ಅಚ್ಚಾಯಿತು. ಪಕ್ಕದಲ್ಲೇ ಅರ್ಥವನ್ನೂ ಕೊಟ್ಟಿದ್ದರು: ‘ಆಲ್ ಕರೆಕ್ಟ್’, ಎಲ್ಲ ಸರಿ. ಇಂಗ್ಲಿಷಿನಲ್ಲಿ ‘ಆಲ್’ ಶುರುವಾಗುವುದು ‘ಎ’ಯಿಂದ, ‘ಕರೆಕ್ಟ್’ ಶುರುವಾಗುವುದು ‘ಸಿ’ಯಿಂದ. ಅಕ್ಷರ ಬಾರದವರು ಕಿವಿಗೆ ಬಿದ್ದಂತೆ ಬರೆದರೆ ಹೇಗೋ ಹಾಗೆ, ಬೇಕೆಂದೇ ‘ಓ’ ಮತ್ತು ‘ಕೆ’ ಹಾಕಿದ್ದರು. ಎಲ್ಲ ಸರಿ ಎನ್ನುವ ಮಾತಿನಲ್ಲಿ ಒಂದಕ್ಷರವೂ ಸರಿಯಿಲ್ಲ, ತಮಾಷೆ ಇದ್ದದ್ದೇ ಅಲ್ಲಿ. ‘ಆಲ್ ರೈಟ್’ ಎನ್ನಲು ‘ಓ.ಡಬ್ಲ್ಯು.’ ಎಂದು ಬರೆಯುವ ಚಾಳಿಯೂ ಆಗ ಇತ್ತು. ಹಾಲನ್ನು ‘ಆಲು’ ಎಂದವರನ್ನು ಕಂಡು ನಮ್ಮಲ್ಲಿ ನಗುವುದುಂಟಲ್ಲ, ಇದು ಅದೇ ಬಗೆಯ ನಗೆ.

ಈ ನಗೆ ಆ ದಶಕದಲ್ಲೇ ಹುಟ್ಟಿದ್ದಕ್ಕೆ ಕಾರಣವಿದೆ. 1830ರಲ್ಲಿ 1 ಕೋಟಿ 28 ಲಕ್ಷವಿದ್ದ ಅಮೆರಿಕದ ಜನಸಂಖ್ಯೆ 1840ಕ್ಕೆ 1 ಕೋಟಿ 70 ಲಕ್ಷ ದಾಟಿತು. ಬೆರಳೆಣಿಕೆಯ ಮೈಲಿಗಳಷ್ಟಿದ್ದ ರೈಲು ಹಳಿ ಸುಮಾರು 2,800 ಮೈಲಿಗೆ ಬೆಳೆಯಿತು. ಆಸ್ತಿ ಇದ್ದವರಿಗೆ ಮಾತ್ರ ಮತ ಎಂಬ ನಿಯಮ ಬಿಳಿಯ ಗಂಡಸರ ಮಟ್ಟಿಗೆ ಬಹುತೇಕ ರಾಜ್ಯಗಳಲ್ಲಿ ಅಳಿಯುತ್ತ ಬಂತು. ಹೆಂಗಸರು, ಬಹುಪಾಲು ಕರಿಯರು ಹೊರಗೇ ಉಳಿದರು. 1833ರಲ್ಲಿ ಶುರುವಾದ ‘ನ್ಯೂಯಾರ್ಕ್ ಸನ್’ ಒಂದು ಸೆಂಟಿಗೆ ಸಿಗುತ್ತಿತ್ತು. ಕೂಲಿಯವನ ಕೈಗೂ ಪತ್ರಿಕೆ ಬಂತು. 1837ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಿಕ್ಷಣ ಮಂಡಳಿ ಕಟ್ಟಿ, ಹೊರೇಸ್ ಮ್ಯಾನ್ ಅವರನ್ನು ಕಾರ್ಯದರ್ಶಿಯಾಗಿ ನೇಮಿಸಿತು. ನಿನ್ನೆಯವರೆಗೆ ಹೊರಗಿದ್ದವರು ಓದತೊಡಗಿದರು, ಮತ ಹಾಕತೊಡಗಿದರು. ಇಂಥ ಹೊತ್ತಿನಲ್ಲಿ ಕಾಗುಣಿತ ಅಂತಸ್ತಿನ ಅಳತೆಗೋಲಾಗುತ್ತದೆ, ತಪ್ಪು ಬರೆದವರು ನಗೆಪಾಟಲಾಗುತ್ತಾರೆ.

ತಮಾಷೆಯ ಪದಗಳು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಸಾಯುತ್ತವೆ. ‘ಓ.ಡಬ್ಲ್ಯು.’ ಹಾಗೆಯೇ ಸತ್ತಿತು. ಓಕೆಯನ್ನು ಉಳಿಸಿದ್ದು 1840ರ ಚುನಾವಣೆ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯುರೆನ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್‌ನಲ್ಲಿ. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅವರ ಅಡ್ಡಹೆಸರಿನ ಮೊದಲಕ್ಷರಗಳೂ ಓ, ಕೆ ಆಗಿದ್ದವು. ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿದರು. ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಡತಗಳ ಮೇಲೆ ಹೀಗೆಯೇ ಗೀಚುತ್ತಿದ್ದರು ಎಂದು ಎದುರಾಳಿಗಳು ಕಥೆ ಕಟ್ಟಿದರು. ವ್ಯಾನ್ ಬ್ಯುರೆನ್ ಸೋತರು, ಪದ ಗೆದ್ದಿತು. ಮುಂದೆ ತಂತಿ ಬಂದಾಗ, ಸಂದೇಶ ಮುಟ್ಟಿತು ಎನ್ನಲು ಎರಡೇ ಅಕ್ಷರದ ಈ ಪದ ಹೇಳಿಮಾಡಿಸಿದಂತಿತ್ತು.

ಹುಟ್ಟು ಮರೆತುಹೋದ ಮೇಲೆ ವ್ಯುತ್ಪತ್ತಿಗಳು ಹುಟ್ಟಿಕೊಂಡವು. ಗ್ರೀಕ್ ಅಂದರು, ಆಫ್ರಿಕದ ವೊಲೊಫ್ ಅಂದರು. ಹೆಚ್ಚು ನಂಬಿಕೆ ಗಳಿಸಿದ್ದು ಚಾಕ್ಟಾ ಮೂಲದ ಕಥೆ. ಆ ಮೂಲನಿವಾಸಿಗಳ ಭಾಷೆಯಲ್ಲಿ ‘ಹೌದು, ಹಾಗೆಯೇ’ ಎಂದು ದೃಢಪಡಿಸುವ, ಓಕೆಯನ್ನೇ ಹೋಲುವ ಒಂದು ರೂಪವಿದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಇದನ್ನು ನಂಬಿ ಅದೇ ಕಾಗುಣಿತ ಬಳಸುತ್ತಿದ್ದರು. ಕೊನೆಗೆ 1963–64ರಲ್ಲಿ ಆಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ಪತ್ರಿಕೆಗಳನ್ನು ಪುಟಪುಟ ಶೋಧಿಸಿ ಬಾಸ್ಟನ್ನಿನ ಮೂಲವನ್ನು ಸಾಬೀತು ಮಾಡಿದರು.

ಚಾಕ್ಟಾ ಕಥೆ ನಿಜವಾಗಿರಬಾರದಿತ್ತೇ ಎಂದು ನನಗೂ ಅನಿಸಿದ್ದುಂಟು. ಏಕೆಂದರೆ ಇದೇ 1830ರ ಮೇ ತಿಂಗಳಲ್ಲಿ ಜಾಕ್ಸನ್ ಮೂಲನಿವಾಸಿಗಳನ್ನು ತೆರವು ಮಾಡಿಸುವ ಕಾಯ್ದೆಗೆ ಸಹಿ ಹಾಕಿದರು. ಅದರಡಿ ಮೊದಲು ಹೊರಟವರು ಮಿಸಿಸಿಪ್ಪಿಯ ಚಾಕ್ಟಾ ಜನ. ಅವರ ನೆಲದಲ್ಲಿ ಗುಲಾಮರ ದುಡಿತದ ಹತ್ತಿ ಬೆಳೆಯಿತು. 1831ರ ಕೊರೆಯುವ ಚಳಿಯಲ್ಲಿ ಮೆಂಫಿಸ್ ಬಳಿ ಅವರು ನದಿ ದಾಟುವುದನ್ನು ಫ್ರಾನ್ಸಿನ ಅಲೆಕ್ಸಿ ದ ಟೋಕ್ವಿಲ್ ಕಣ್ಣಾರೆ ಕಂಡು ಬರೆದಿದ್ದಾರೆ. ಮುದುಕರು, ರೋಗಿಗಳು, ಹಸುಗೂಸುಗಳು ಮಾತಿಲ್ಲದೆ ದೋಣಿ ಹತ್ತಿದರು. ದಡದಲ್ಲೇ ಉಳಿದ ನಾಯಿಗಳು ಒಡೆಯರು ಹೋಗುತ್ತಿರುವುದು ತಿಳಿದು ಊಳಿಟ್ಟು, ಹಿಮದಂಥ ನೀರಿಗೆ ಹಾರಿ ದೋಣಿಯ ಹಿಂದೆ ಈಜಿದವು. ಬಾಸ್ಟನ್ನಿನ ಪತ್ರಿಕೆ ‘ಎಲ್ಲ ಸರಿ’ ಎಂದು ನಕ್ಕ ದಶಕ ಅದು.

ಆದರೂ ಇಲ್ಲದ ವ್ಯುತ್ಪತ್ತಿ ಕಟ್ಟಿಕೊಟ್ಟು ಆ ಜನರ ಋಣ ತೀರಿಸಲಾಗದು. ಪದದ ಚರಿತ್ರೆ ಸಾಕ್ಷ್ಯವನ್ನು ಕೇಳುತ್ತದೆ, ಮರುಕವನ್ನಲ್ಲ. ಚಾಕ್ಟಾ ಜನ ನಿಜವಾಗಿಯೂ ಕೊಟ್ಟ ಪದ ಬೇರೆ ಇದೆ. ‘ಓಕ್ಲಾ’ ಎಂದರೆ ಜನ, ‘ಹುಮ್ಮಾ’ ಎಂದರೆ ಕೆಂಪು. ಅವರ ಮುಖಂಡ ಆಲೆನ್ ರೈಟ್ 1866ರಲ್ಲಿ ಇವೆರಡನ್ನೂ ಕೂಡಿಸಿ ತಮ್ಮನ್ನು ಅಟ್ಟಿದ ಸೀಮೆಗೆ ಹೆಸರು ಸೂಚಿಸಿದರು. 1907ರಲ್ಲಿ ಅದು ಓಕ್ಲಹೋಮ ರಾಜ್ಯವಾಯಿತು. ಅಂಚೆ ವಿಳಾಸದಲ್ಲಿ ಆ ಹೆಸರನ್ನು ಇಂದು ಎರಡೇ ಅಕ್ಷರದಲ್ಲಿ ಬರೆಯುತ್ತಾರೆ: ಓ, ಕೆ.