ಕೈಗಾರಿಕಾ ತ್ಯಾಜ್ಯನೀರಿನ ಶಿಲೀಂಧ್ರ ಶುದ್ಧೀಕರಣ

ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿರುವ ಬಣ್ಣ, ಫೀನಾಲ್, ಔಷಧದ ಅಂಶ, ಭಾರಲೋಹ ಮೊದಲಾದವನ್ನು ಅಣಬೆ, ಬೂಷ್ಟು, ಯೀಸ್ಟ್‌ಗಳ ನೆರವಿನಿಂದ ಒಡೆಯುವ ಅಥವಾ ಹೀರಿ ತೆಗೆಯುವ ವಿಧಾನ. ಇದರ ಚರಿತ್ರೆಯ ಬೇರು ಇರುವುದು ನೀರಿನಲ್ಲಲ್ಲ, ಕೊಳೆತ ಮರದಲ್ಲಿ.

ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಸುಲಭಕ್ಕೆ ಜೀರ್ಣವಾಗುವ ವಸ್ತುವಲ್ಲ. ಅದನ್ನು ಪೂರ್ತಿ ಒಡೆಯಬಲ್ಲವು ಮುಖ್ಯವಾಗಿ ಬಿಳಿ ಕೊಳೆ ಶಿಲೀಂಧ್ರಗಳು. ಇವು ಹಿಡಿದ ಕೊರಡು ಬಿಳಿಚಿಕೊಂಡು ನಾರುನಾರಾಗುತ್ತದೆ. ಇವುಗಳ ಕಿಣ್ವಗಳಲ್ಲಿ ಮೊದಲು ಗೊತ್ತಾದ ಲ್ಯಾಕೇಸ್ ಅನ್ನು 1883ರಲ್ಲಿ ಹಿಕೊರೊಕುರೊ ಯೋಶಿದಾ ಕಂಡದ್ದು ಜಪಾನಿನ ಅರಗುಮರದ ಹಾಲಿನಲ್ಲಿ. ಫ್ರಾನ್ಸಿನ ಗೇಬ್ರಿಯಲ್ ಬರ್ಟ್ರಾಂಡ್ 1890ರ ದಶಕದಲ್ಲಿ ಅದಕ್ಕೆ ಹೆಸರಿಟ್ಟು, ಅಣಬೆಗಳಲ್ಲೂ ಅದಿರುವುದನ್ನು ತೋರಿಸಿದ.

ಚರಂಡಿ ನೀರಿನ ಎಂಜಿನಿಯರುಗಳಿಗೆ ಮಾತ್ರ ಶಿಲೀಂಧ್ರ ಬಹುಕಾಲ ಬೇಡದ ನೆಂಟನೇ ಆಗಿತ್ತು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ರೂಪಿಸಿದ ಸಕ್ರಿಯ ಕೆಸರಿನ ವಿಧಾನ ನಿಂತಿದ್ದು ಬ್ಯಾಕ್ಟೀರಿಯಾಗಳ ಮೇಲೆ. ಅಲ್ಲಿ ಎಳೆಎಳೆಯಾಗಿ ಬೆಳೆಯುವ ಜೀವಿಗಳು ಹೆಚ್ಚಾದರೆ ಕೆಸರು ತಳಕ್ಕೆ ಇಳಿಯುವುದಿಲ್ಲ. ಕೊಳಕು ಹೊಳೆಗಳಲ್ಲಿ ಬೂದು ಲೋಳೆಯಂತೆ ತೂಗುವ ‘ಸೀವೇಜ್ ಫಂಗಸ್’ ಬಹುಪಾಲು ಸ್ಫೆರೋಟಿಲಸ್ ಎಂಬ ಬ್ಯಾಕ್ಟೀರಿಯಾ. ಯಾರದೋ ತಪ್ಪಿಗೆ ಶಿಲೀಂಧ್ರ ಹೆಸರು ಕೆಡಿಸಿಕೊಂಡಿತು ಎನ್ನಬೇಕು. ಅಮೆರಿಕದ ಸಿನ್ಸಿನಾಟಿಯಲ್ಲಿ ವಿಲಿಯಂ ಬ್ರಿಜ್ ಕುಕ್ 1950ರ ದಶಕದಲ್ಲಿ ಚರಂಡಿ ನೀರಿನ ನಿಜವಾದ ಶಿಲೀಂಧ್ರಗಳನ್ನು ಹೆಕ್ಕಿ ಗುರುತಿಸತೊಡಗಿದ ಮೇಲೆ ಈ ಅಸಡ್ಡೆ ಕಡಿಮೆಯಾಯಿತು.

ದೊಡ್ಡ ಪ್ರಮಾಣದ ಮೊದಲ ಯಶಸ್ಸುಗಳಲ್ಲೊಂದು ಫಿನ್ಲೆಂಡಿನದು. ಯಾಮ್ಸಾನ್‌ಕೋಸ್ಕಿಯ ಕಾಗದದ ಗಿರಣಿಯಲ್ಲಿ 1970ರ ದಶಕದ ಮಧ್ಯದಿಂದ, ಮರದ ತಿರುಳು ಬೇಯಿಸಿ ಉಳಿದ ಸಲ್ಫೈಟ್ ದ್ರಾವಣದ ಸಕ್ಕರೆಯ ಮೇಲೆ ಪೆಸಿಲೋಮೈಸಿಸ್ ಎಂಬ ಬೂಷ್ಟು ಬೆಳೆಸಲಾಯಿತು. ‘ಪೆಕಿಲೋ’ ಎಂಬ ಹೆಸರಿನ ಈ ಬೂಷ್ಟಿನಲ್ಲಿ ಅರ್ಧದಷ್ಟು ಪ್ರೋಟೀನ್. ಹಿಂಡಿ ಒಣಗಿಸಿದರೆ ಹಂದಿ, ಕೋಳಿಗಳಿಗೆ ಮೇವು. ಹೊಳೆಗೆ ಸೇರುವ ಹೊಲಸೂ ತಗ್ಗಿತು, ಮಾರಲು ಸರಕೂ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ಸಲ್ಫೈಟ್ ಗಿರಣಿ ಮುಚ್ಚಿದಾಗ ಪೆಕಿಲೋ ಕೂಡ ನಿಂತಿತು. ನೀರನ್ನು ತೊಳೆಯುವುದಷ್ಟನ್ನೇ ಗುರಿಯಾಗಿಸಿಕೊಂಡ ಹಲವು ಯೋಜನೆಗಳಿಗೆ ಇಷ್ಟು ಬಾಳಿಕೆಯೂ ಒದಗಲಿಲ್ಲ.

1983ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಲಿಗ್ನಿನ್ ಪೆರಾಕ್ಸಿಡೇಸ್ ಕಿಣ್ವವನ್ನು ಕಂಡುಹಿಡಿದವು: ಮ್ಯಾಡಿಸನ್‌ನ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಮಿಂಗ್ ಟಿಯೆನ್ ಮತ್ತು ಕೆಂಟ್ ಕರ್ಕ್, ಆರೆಗನ್‌ನಲ್ಲಿ ಮೈಕಲ್ ಗೋಲ್ಡ್ ಬಳಗ. ಎರಡೂ ಕಡೆ ಶಿಲೀಂಧ್ರ ಒಂದೇ, ಫ್ಯಾನೆರೋಕೀಟ್ ಕ್ರೈಸೋಸ್ಪೋರಿಯಂ. ಲಿಗ್ನಿನ್‌ಗೆ ಗೊತ್ತಾದ ಒಂದು ಆಕಾರವಿಲ್ಲ. ಆದ್ದರಿಂದ ಅದನ್ನು ಒಡೆಯುವ ಕಿಣ್ವವೂ ಆಕಾರ ನೋಡುವುದಿಲ್ಲ, ಸಿಕ್ಕಿದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಕೆಲಸ ನಡೆಯುವುದೂ ಜೀವಕೋಶದ ಹೊರಗೆ. ವಿಷವನ್ನು ಒಳಗೆಳೆದುಕೊಳ್ಳುವ ಅಗತ್ಯವಿಲ್ಲ. ಅದೇ ವರ್ಷ ಗೋಲ್ಡ್ ಬಳಗ ಈ ಶಿಲೀಂಧ್ರ ಕೃತಕ ಬಣ್ಣಗಳನ್ನು ಅಳಿಸುವುದನ್ನು ತೋರಿಸಿತು. 1985ರಲ್ಲಿ ಬಂಪಸ್, ಆಸ್ಟ್ ಮತ್ತು ಸಂಗಡಿಗರು ಡಿಡಿಟಿ, ಲಿಂಡೇನ್, ಡಯಾಕ್ಸಿನ್‌ಗಳನ್ನೂ ಅದರ ಮುಂದಿಟ್ಟರು. ಅವೂ ನಿಧಾನವಾಗಿ ಒಡೆದವು.

ಆ ಹೊತ್ತಿಗೆ ಕರ್ಕ್ ಮತ್ತು ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದವರು ಸೇರಿ ‘ಮೈಕೋರ್’ ವಿಧಾನ ರೂಪಿಸಿದ್ದರು. ಅರ್ಧ ಮುಳುಗಿ ತಿರುಗುವ ತಟ್ಟೆಗಳ ಮೇಲೆ ಶಿಲೀಂಧ್ರ ಬೆಳೆಸಿ, ಕಾಗದ ಬಿಳುಪುಗೊಳಿಸಿದ ಕಂದು ನೀರನ್ನು ಅದರ ಮೇಲೆ ಹಾಯಿಸುವುದು. ಬಣ್ಣವೇನೋ ಇಳಿಯಿತು, ಖರ್ಚು ಇಳಿಯಲಿಲ್ಲ. ಈ ಶಿಲೀಂಧ್ರ ಕಿಣ್ವ ಸ್ರವಿಸುವುದು ಸಾರಜನಕದ ಬರ ಬಿದ್ದಾಗ. ಹೊಟ್ಟೆಗೆ ಸಕ್ಕರೆ ಬೇರೆ ಹಾಕಬೇಕು. ಸಕ್ಕರೆ ಕಂಡರೆ ಬ್ಯಾಕ್ಟೀರಿಯಾ ಮುತ್ತುತ್ತವೆ. ಇಷ್ಟರಲ್ಲಿ ಗಿರಣಿಗಳೇ ಕ್ಲೋರಿನ್ ಅನಿಲ ಬಿಟ್ಟು ಬೇರೆ ಬಿಳುಪುಕಾರಕ ಹಿಡಿದವು. ಮೈಕೋರ್ ಉದ್ಯಮಕ್ಕೆ ಇಳಿಯಲಿಲ್ಲ.

ಲೋಹಗಳ ಕಥೆ ಬೇರೆ. 1981ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತ್ಸೆಜೋಸ್ ಮತ್ತು ವೊಲೆಸ್ಕಿ, ರೈಜೋಪಸ್ ಬೂಷ್ಟಿನ ಸತ್ತ ಒಡಲು ಕೂಡ ಯುರೇನಿಯಂ, ಥೋರಿಯಂಗಳನ್ನು ಹಿಡಿದಿಡುವುದನ್ನು ವರದಿ ಮಾಡಿದರು. ಸತ್ತದ್ದಕ್ಕೆ ಊಟ ಹಾಕಬೇಕಿಲ್ಲ.

ಭಾರತದಲ್ಲಿ ತೊಡಕಿನ ನೀರೆಂದರೆ ಕಾಕಂಬಿಯಿಂದ ಮದ್ಯಸಾರ ಇಳಿಸುವ ಡಿಸ್ಟಿಲರಿಗಳದು. ಅದರ ಕಡುಗಂದು ಬಣ್ಣಕ್ಕೆ ಕಾರಣವಾದ ಮೆಲನಾಯ್ಡಿನ್‌ಗಳು ಸಾಮಾನ್ಯ ಶುದ್ಧೀಕರಣಕ್ಕೆ ಜಗ್ಗುವುದಿಲ್ಲ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಚಂದ್ರಲತಾ ರಘುಕುಮಾರ್ ಇದಕ್ಕೆ ಉತ್ತರ ಹುಡುಕಿದ್ದು ಕಡಲಲ್ಲಿ. ಪಶ್ಚಿಮ ಕರಾವಳಿಯಾಚೆಯ ಹವಳದ ಲಗೂನೊಂದರಲ್ಲಿ ಕೊಳೆಯುತ್ತಿದ್ದ ಕಡಲಹುಲ್ಲಿನಿಂದ ತೆಗೆದ ಫ್ಲೇವೊಡಾನ್ ಫ್ಲೇವಸ್ ಶಿಲೀಂಧ್ರ ಲಿಗ್ನಿನ್ ಒಡೆಯುವುದನ್ನು ಅವರ ತಂಡ 1999ರಲ್ಲಿ, ಡಿಸ್ಟಿಲರಿ ನೀರಿನ ಬಣ್ಣ ಕಳೆಯುವುದನ್ನು 2001ರಲ್ಲಿ ಪ್ರಕಟಿಸಿತು. ಉಪ್ಪುನೀರಿಗೆ ಒಗ್ಗಿದ ಜೀವಿಗೆ ಕಾರ್ಖಾನೆಯ ಉಪ್ಪು ಹೊಸದಲ್ಲ.

ಮೊದಲೇ ಹೇಳಿದ ಲ್ಯಾಕೇಸ್ ಕಿಣ್ವ ಮಾರುಕಟ್ಟೆಗೆ ಬಂದದ್ದು ಮಾತ್ರ ನೀರು ತೊಳೆಯಲು ಅಲ್ಲ, ಬೇರೆಯದೇ ದಾರಿಯಲ್ಲಿ. 1996ರಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಅದನ್ನು ಜೀನ್ಸ್ ಬಟ್ಟೆಯ ನೀಲಿ ಮಾಸಿಸಲು ಮಾರಿತು.

ನೀರಿನ ಕೆಲಸಕ್ಕೆ ಮರಳಿದರೆ, ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದಲ್ಲಿ ತೆರೇಸಾ ವಿಸೆಂಟ್ ತಂಡ ಟ್ರಮೀಟಿಸ್ ವರ್ಸಿಕಲರ್ ಅಣಬೆಯ ಎಳೆಗಳನ್ನು ಪುಟ್ಟ ಉಂಡೆಗಳಾಗಿ ಬೆಳೆಸಿ, ಗಾಳಿಯನ್ನು ಬಿಟ್ಟುಬಿಟ್ಟು ಊದಿ ನೀರಿನೊಳಗೆ ತೇಲಿಸಿತು. ಮೊದಲು ಬಟ್ಟೆ ಗಿರಣಿಯ ಬಣ್ಣ, ಆಮೇಲೆ ಆಸ್ಪತ್ರೆ ನೀರಿನ ಔಷಧಗಳು. ಕುದಿಸಿ ಶುದ್ಧಮಾಡದ ನೀರಿನಲ್ಲೂ ಶಿಲೀಂಧ್ರ ಬದುಕಿ ಉಳಿಯಲೆಂದು ನೀರನ್ನು ತುಸು ಆಮ್ಲೀಯವಾಗಿಟ್ಟು, ಸಕ್ಕರೆಯನ್ನು ಅಳೆದು ಉಣಿಸಿ, ಹಳೆಯ ಉಂಡೆಗಳಲ್ಲಿ ಒಂದಷ್ಟನ್ನು ಆಗಾಗ ತೆಗೆದು ಹೊಸದನ್ನು ಹಾಕಲಾಗುತ್ತದೆ.