ಸೊಳ್ಳೆಯ ವರ್ಣತಂತುಗಳಲ್ಲಿ ಕಿಣ್ವಜೀನುಗಳ ನೆಲೆ

ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ವರ್ಣತಂತುಗಳು ಮೂರೇ ಜೋಡಿ: ಒಂದು ಲಿಂಗವರ್ಣತಂತು, ಉಳಿದೆರಡು ದೇಹವರ್ಣತಂತು. ಠಾಣೆಯ ಕೋಪರಿ, ನವಿ ಮುಂಬಯಿಯಂಥ ನಗರಪ್ರದೇಶಗಳಲ್ಲಿ ಮಹಡಿಯ ಟ್ಯಾಂಕಿಯಲ್ಲೂ ಕಟ್ಟಡ ಕಾಮಗಾರಿಯ ನಿಂತ ನೀರಿನಲ್ಲೂ ಬೆಳೆಯುವ ಮಲೇರಿಯಾ ವಾಹಕ ಇದು. ಅದರ ಯಾವ ಕಿಣ್ವಜೀನು ಕೀಟನಾಶಕ ನಿರೋಧಕತೆಗೆ ಕಾರಣ ಎಂಬ ವಿವಾದ ಎಷ್ಟೋ ಸಲ ಆ ಜೀನಿನ ನೆಲೆಯಿಂದಲೇ ಇತ್ಯರ್ಥವಾಗುತ್ತದೆ.

ಹಳೆಯ ವಿಧಾನದಲ್ಲಿ ಸೊಳ್ಳೆಯನ್ನು ಅರೆದು, ಅದರ ಸಾರವನ್ನು ಪಿಷ್ಟದ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಓಡಿಸಿ, ಕಿಣ್ವಕ್ಕೆ ತಕ್ಕ ಬಣ್ಣ ಹಚ್ಚುತ್ತಾರೆ. ಪಟ್ಟಿಗಳ ಸ್ಥಾನಭೇದವೇ ಜೀನುರೂಪದ ಗುರುತು. ಮಿಶ್ರ ಜೀನುರೂಪದ ಸೊಳ್ಳೆಯಲ್ಲಿ ಏಕಘಟಕ ಕಿಣ್ವ ಎರಡು ಪಟ್ಟಿ, ದ್ವಿಘಟಕ ಕಿಣ್ವ ಸಾಮಾನ್ಯವಾಗಿ ಮೂರು ಪಟ್ಟಿ ತೋರುತ್ತದೆ. ಕಣ್ಣಿನ ಬಣ್ಣದಂಥ ಗುರುತಿನ ಜೊತೆ ಹಿಮ್ಮಿಲನ ಮಾಡಿಸಿ, ಮರಿಗಳಲ್ಲಿ ಮರುಸಂಯೋಜನೆಯ ಶೇಕಡಾವಾರು ಎಣಿಸಿದರೆ ಅಂತರ ಸಿಗುತ್ತದೆ. ನೇರ ನೆಲೆಗುರುತಿಗೆ, ಅನೇಕ ಎಳೆಗಳು ಒಟ್ಟಾಗಿ ದಪ್ಪಗಾದ ಪಾಲಿಟೀನ್ ವರ್ಣತಂತು ಬೇಕು. ಅನಾಫಿಲಿಸ್‌ನ ಅಂಡಾಶಯದ ಪೋಷಕ ಕೋಶಗಳಲ್ಲಿ ಅದು ಚೆನ್ನಾಗಿ ಹರಡಿಕೊಳ್ಳುತ್ತದೆ. ಈಡಿಸ್, ಕ್ಯೂಲೆಕ್ಸ್‌ಗಳಲ್ಲಿ ಅಷ್ಟು ಸಲೀಸಲ್ಲ.

ನೆಲೆಯ ಮಹತ್ವಕ್ಕೆ ಅಸಿಟೈಲ್‌ಕೋಲಿನೆಸ್ಟರೇಸ್ ಪ್ರಕರಣದಷ್ಟು ಒಳ್ಳೆಯ ನಿದರ್ಶನ ವಿರಳ. ಆರ್ಗನೋಫಾಸ್ಫೇಟ್ ವಿಷ ಎರಗುವುದು ಈ ಕಿಣ್ವದ ಮೇಲೆ. ಹಣ್ಣುನೊಣದಲ್ಲಿ ಇದರ ಜೀನು ಒಂದೇ. ಅದರ ಸಾದೃಶ್ಯ ಹಿಡಿದು 1991ರಲ್ಲಿ ಹಾಲ್ ಮತ್ತು ಮಾಲ್ಕಮ್ ಸ್ಟೀಫನ್ಸಿಯ ಜೀನನ್ನು ಹೊರತೆಗೆದರು. ಆದರೆ ಕ್ಯೂಲೆಕ್ಸ್ ಪಿಪಿಯನ್ಸ್‌ನಲ್ಲಿ ಇಂಥದೇ ಜೀನು ಲಿಂಗನಿರ್ಣಾಯಕ ತಾಣದ ಜೊತೆ ಸಾಗುತ್ತದೆ, ನಿರೋಧಕತೆ ಅದರ ಜೊತೆ ಸಾಗುವುದಿಲ್ಲ ಎಂದು 1998ರಲ್ಲಿ ತಿಳಿಯಿತು. ಅಂದರೆ ಸೊಳ್ಳೆಗೆ ಎರಡನೆಯ ಜೀನೊಂದು ಇರಲೇಬೇಕು. ಏಸ್-1 ಎಂಬ ಆ ಜೀನು ಎರಡನೆಯ ವರ್ಣತಂತುವಿನಲ್ಲಿದೆ. ಅದರಲ್ಲಿ ಒಂದು ಗ್ಲೈಸಿನ್ ಸೆರಿನ್ ಆದರೆ ಸಾಕು, ನಿರೋಧಕತೆ ಬರುತ್ತದೆ ಎಂದು 2003ರಲ್ಲಿ ವೀಲ್ ಮತ್ತು ಸಂಗಡಿಗರು ತೋರಿಸಿದರು. ನೊಣವನ್ನೇ ಮಾದರಿಯಾಗಿ ನಂಬಿದ್ದು ಇಲ್ಲಿ ದಾರಿ ತಪ್ಪಿಸಿತ್ತು.

ಸ್ಟೀಫನ್ಸಿಯ ಜೀನೋಮ್ ಕರಡು ಬಂದದ್ದು 2014ರಲ್ಲಿ. 2022ರಲ್ಲಿ ಬೆಂಗಳೂರಿನ ಸಂಶೋಧಕರು ಚೆನ್ನೈ ಮೂಲದ ತಳಿಯ ಜೀನೋಮನ್ನು ವರ್ಣತಂತು ಮಟ್ಟದಲ್ಲಿ ಜೋಡಿಸಿ, ಎರಡನೆಯ ವರ್ಣತಂತುವಿನ ಒಂದು ತುಂಡು ತಿರುಗುಮುರುಗಾಗಿ ಕೂತ 2ಆರ್‌ಬಿ ವಿಲೋಮದ ತುದಿಗಳನ್ನು ಗುರುತಿಸಿದರು. ಅದರ ಉದ್ದ ಸುಮಾರು 1.65 ಕೋಟಿ ಬೇಸ್ ಜೋಡಿ. ಸಹಜ ಮತ್ತು ವಿಲೋಮ ಎರಡೂ ವಿನ್ಯಾಸ ಹೊತ್ತ ಹೆಣ್ಣಿನಲ್ಲಿ ಈ ಭಾಗದೊಳಗಿನ ಮರುಸಂಯೋಜನೆ ಅಡಗುವುದರಿಂದ, ಮಿಲನದಿಂದ ಅಳೆದ ಅಂತರ ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಗಾಗಿ ಮಿಲನಕ್ಕಿಡುವ ತಳಿಗಳ ವಿಲೋಮಸ್ಥಿತಿಯನ್ನು ಪಾಲಿಟೀನ್ ವರ್ಣತಂತುವಿನಲ್ಲಿ ಮೊದಲೇ ನೋಡಿಕೊಳ್ಳಬೇಕಾಗುತ್ತದೆ.